ಪೈಲ್ವಾನ್ ಪೀರರ ಗೋರಿಯ ಮೇಲಿನ ಹೆಸರು

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ದಿಲ್ಲಿ ಅಂಚಿನ ಇಂದಿರಾಪುರಂನ ಫ್ಲ್ಯಾಟಿಗೆ ಬರುತ್ತಾರೆ. ಫಾರ್ಸಿ ವ್ಯಾಕರಣ ಎಷ್ಟು ಬೇಕು, ಅರಬ್ಬಿ ಅಕ್ಷರಗಳಲ್ಲಿ ಯಾವ ಶೈಲಿಯನ್ನು ಮೊದಲು ಕಲಿಯಬೇಕು ಎಂದು ಕೇಳುತ್ತಾರೆ. ನಾನು ಎಮ್ಮೆಯ ವಿಷಯ ಶುರು ಮಾಡುತ್ತೇನೆ. ಮುದುಕನಿಗೆ ಮಾತು ತಪ್ಪುತ್ತಿದೆ ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ವ್ಯಾಕರಣ ಪುಸ್ತಕದಲ್ಲಿ ಸಿಗುತ್ತದೆ. ಹರಿಯಾಣದ ಹಳ್ಳಿಯ ಹಳೆಯ ಗೋರಿಯ ಮೇಲೆ ಮೈ ಉಜ್ಜುತ್ತ ನಿಂತಿರುವ ಎಮ್ಮೆಯನ್ನು, ಅದರ ಒಡತಿಗೆ ಬೇಸರವಾಗದ ಹಾಗೆ ಆಚೆ ಕಳಿಸುವುದು ಹೇಗೆ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ನನ್ನ ಸರ್ವೀಸಿನ ಅರ್ಧ ಆಯುಷ್ಯ ಅದರಲ್ಲೇ ಹೋಯಿತು.

ನನ್ನ ಕೆಲಸ ಶಾಸನಗಳ ಪಡಿಯಚ್ಚು ತೆಗೆದು ಓದುವುದು. ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಕಾಗದ ಅಕ್ಷರದ ಸಂದಿಗೆಲ್ಲ ಇಳಿಯುವಂತೆ ಮಾಡಿ, ಆಮೇಲೆ ಬಟ್ಟೆಯ ಗಂಟಿನಲ್ಲಿ ಶಾಯಿ ಅದ್ದಿ ಮೇಲೆ ಒತ್ತಬೇಕು. ದೋಸೆ ಕಾವಲಿಗೆ ಎಣ್ಣೆ ಸವರುವವರ ಕೈ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ನನ್ನದು ಅಂಥದೇ ಕೈ. ನಮ್ಮಪ್ಪ ಉಡುಪಿ ಕಡೆಯಿಂದ ದಿಲ್ಲಿಗೆ ಬಂದು ಸಣ್ಣ ಹೋಟೆಲು ಇಟ್ಟವರು. ಅಲ್ಲಿಗೆ ದಿನಾ ಸಂಜೆ ಕಾಫಿಗೆ ಬರುತ್ತಿದ್ದ ಒಬ್ಬ ನಿವೃತ್ತ ಮೇಷ್ಟರು, ಲೋಟದ ನೀರಿನಲ್ಲಿ ಬೆರಳದ್ದಿ ಅಮೃತಶಿಲೆಯ ಮೇಜಿನ ಮೇಲೆ ನನಗೆ ಅಲಿಫ್, ಬೇ ಬರೆದು ತೋರಿಸಿದರು. ಮುಂದಿನ ಅಕ್ಷರ ಬರೆಯುವಷ್ಟರಲ್ಲಿ ಹಿಂದಿನದು ಆರಿಹೋಗುತ್ತಿತ್ತು. ಹಾಗಾಗಿ ಬೇಗ ಕಲಿತೆ. ಅಪ್ಪನಿಗೆ ಮಾತ್ರ ಕೊನೆಯವರೆಗೂ ಇದೊಂದು ವಿಚಿತ್ರವೇ. ಗಿರಾಕಿಗಳ ಮುಂದೆ, "ನನ್ನ ಮಗ ಕಲ್ಲು ಓದ್ತಾನೆ" ಎನ್ನುತ್ತಿದ್ದರು. ಅದು ಹೊಗಳಿಕೆಯೋ ದೂರೋ ನನಗೆ ಎಂದೂ ಸರಿಯಾಗಿ ಗೊತ್ತಾಗಲಿಲ್ಲ.

ಬಡ್ತಿ ಸಿಕ್ಕ ಕತೆಯನ್ನೆಲ್ಲ ಬಿಟ್ಟು ಕೀಕರ್‌ಪುರದ ಕತೆಯೊಂದನ್ನು ಹೇಳುತ್ತೇನೆ. ಮಾನೇಸರ್‌ನ ಕಾರ್ಖಾನೆಗಳನ್ನು ದಾಟಿ, ಅರಾವಳಿಯ ಬೋಳು ಗುಡ್ಡಗಳ ಬುಡಕ್ಕೆ ಹೋದರೆ ಸಿಗುತ್ತಿದ್ದ ಹಳ್ಳಿ ಅದು. ಎರಡು ಸಾವಿರದ ದಶಕದ ನಡುಭಾಗ. ಗುಡಗಾಂವ್ ಕಡೆಯಿಂದ ಎತ್ತರದ ಕಟ್ಟಡಗಳು ದಿನಕ್ಕಿಷ್ಟು ಹತ್ತಿರ ಬರುತ್ತಿದ್ದ ಕಾಲ. ಊರಾಚೆ ಜಾಲಿ ಪೊದೆಗಳ ನಡುವೆ ಒಂದು ಹಳೆಯ ಕಬರಸ್ತಾನ. ಸುಲ್ತಾನರ ಕಾಲದ ಕಲ್ಲಿನ ಗೋರಿಗಳು, ಮೆಟ್ಟಿಲು ಮೆಟ್ಟಿಲಾಗಿ ಕಡೆದ ಉದ್ದ ಪೆಟ್ಟಿಗೆಗಳ ಹಾಗೆ, ಅಲ್ಲಲ್ಲಿ ವಾಲಿಕೊಂಡು ಬಿದ್ದಿದ್ದವು. ನಡುವೆ ನಾಲ್ಕು ಕಂಬದ ಮೇಲೆ ಪುಟ್ಟ ಗುಮ್ಮಟ, ಅದರಡಿಯಲ್ಲಿ ಒಂದು ದೊಡ್ಡ ಗೋರಿ. ಅಲ್ಲಿ ಹೂತವರ ವಂಶದವರು ಯಾವ ಕಾಲದಲ್ಲೋ ಊರು ಬಿಟ್ಟಿದ್ದರು. ಈಗ ಆ ದೊಡ್ಡ ಗೋರಿ ಊರವರೆಲ್ಲರ ಪೈಲ್ವಾನ್ ಪೀರ್ ಆಗಿತ್ತು.

ನನ್ನನ್ನು ಅಲ್ಲಿಗೆ ಕಳಿಸಿದವರು ಪುರಾತತ್ವ ಇಲಾಖೆಯ ನನ್ನ ಮೇಲಧಿಕಾರಿ ಮಾಥುರ್ ಸಾಹೇಬರು. ಬಹಳ ಓದಿದವರು, ಬಹಳ ಒಳ್ಳೆಯವರು, ಹಾವಿಗೆ ಬಹಳ ಹೆದರುವವರು. ಕಬರಸ್ತಾನದ ಅಂಚಿನಲ್ಲಿ ಜೀಪು ನಿಲ್ಲಿಸಿಕೊಂಡು ಒಳಗೇ ಕೂತಿರುತ್ತಿದ್ದರು. ಅವರ ಇನ್ನೊಂದು ಗುಣ 'ಬಹುಶಃ'. ಬಹುಶಃ ಇದು ಗೋರಿ, ಬಹುಶಃ ಇದು ಕಲ್ಲು, ಬಹುಶಃ ಊಟದ ಹೊತ್ತಾಯಿತು. ಆ ಪದವಿಲ್ಲದ ವಾಕ್ಯಕ್ಕೆ ಅವರು ಸಹಿ ಹಾಕಿದ್ದನ್ನು ನಾನು ನೋಡಿರಲಿಲ್ಲ.

ಅಲ್ಲಿ ನನ್ನ ಮೊದಲ ಸಾಧನೆ ಒಂದು ಎಡವಟ್ಟು. ಗಾಳಿಗೆ ಕಾಗದ ಕಲ್ಲಿನಿಂದ ಏಳುತ್ತಿತ್ತು. ಹೋಟೆಲಿನವನ ಮಗನ ಬುದ್ಧಿ, ನೀರಿಗೆ ಒಂದಿಷ್ಟು ಅನ್ನದ ಗಂಜಿ ಬೆರೆಸಿದೆ. ಕಾಗದ ಸೊಗಸಾಗಿ ಅಂಟಿತು. ಬಯಲಿನ ಗೋರಿಯೊಂದರ ಮೇಲೆ ಅಂಥ ಅಚ್ಚು ನಾನು ಅದುವರೆಗೆ ತೆಗೆದಿರಲಿಲ್ಲ. ಅದು ಒಣಗಲಿ ಎಂದು ಬಿಟ್ಟು ಸಾಹೇಬರ ಜೊತೆ ಜೀಪಿನಲ್ಲಿ ಪರಾಠಾ ತಿಂದು ಬರುವಷ್ಟರಲ್ಲಿ ಒಂದು ಎಮ್ಮೆ ಅದನ್ನು ಪೂರ್ತಿ ತಿಂದು ಮುಗಿಸಿ ಕಲ್ಲನ್ನು ನೆಕ್ಕುತ್ತಿತ್ತು. ಮೂತಿಯೆಲ್ಲ ಶಾಯಿ.

ದೂರದ ಬೇವಿನ ಮರದಡಿಯಿಂದ ಹೆಂಗಸೊಬ್ಬಳು ಕೂಗಿದಳು. "ಅರೇ ಓ ಬಾಬು, ನನ್ನ ಎಮ್ಮೆಗೆ ಏನು ತಿನ್ನಿಸಿದೆ? ನಾಳೆ ಹಾಲು ಕಪ್ಪಗೆ ಬಂದರೆ ನೀನೇ ಕುಡೀಬೇಕು."

"ಅದು ನನ್ನ ಶಾಸನ ತಿಂದಿದೆ ತಾಯೀ" ಎಂದೆ.

"ತಿಂದರೆ ತಿನ್ನಲಿ. ಓದೋಕೆ ಬರದಿದ್ದವರು ಇನ್ನೇನು ಮಾಡಬೇಕು? ಈ ಕಡೆ ಹೊಡ್ಕೊಂಡು ಬಾ ಅದನ್ನ."

ಆಕೆಯ ಹೆಸರು ಭರ್ಪಾಯಿ. ನಡುವಯಸ್ಸಿನ ವಿಧವೆ, ಊರಿಗೆಲ್ಲ ಹಾಲು ಹಾಕುತ್ತಿದ್ದವಳು. ತಾನೇ ಬಂದು ಎಮ್ಮೆ ಹಿಡಿಯದೆ ಅಲ್ಲೇ ನಿಂತು ಕೂಗುವುದೇಕೆ ಎಂದು ಕೇಳಿದಾಗ ವಿಷಯ ತಿಳಿಯಿತು. ಪೈಲ್ವಾನ್ ಪೀರರಿಗೆ ಹೆಂಗಸರೆಂದರೆ ಆಗದು. ಬೇವಿನ ಮರ ಗಡಿ. ಅದರಾಚೆ ಹೆಣ್ಣು ಕಾಲಿಟ್ಟರೆ ಊರಿನ ಗಂಡಸರ ತೋಳಿನ ಬಲ ಇಳಿದುಹೋಗುತ್ತದೆ. ಗುಮ್ಮಟದ ಪಕ್ಕದಲ್ಲೇ ಕುಸ್ತಿಯ ಅಖಾಡ. ಹುಡುಗರು ಲಂಗೋಟಿ ಕಟ್ಟಿ ಮೊದಲು ಪೀರರಿಗೆ ಕೈಮುಗಿದು, ಆಮೇಲೆ ಅವರೆದುರಿಗೇ ಬಸ್ಕಿ ಹೊಡೆಯುತ್ತಿದ್ದರು. ಗುರುವಾರ ಗೋರಿಯ ಪಕ್ಕ ಹುಕ್ಕಾ ತುಂಬಿಸಿ ಇಡುತ್ತಿದ್ದರು.

ಅಖಾಡದ ಉಸ್ತಾದ್ ಭಲೇರಾಮ್. ಮುರಿದ ಕಿವಿ, ಕಂಬದಂಥ ಕುತ್ತಿಗೆ, ಮೃದುವಾದ ದನಿ. ನಾನು ಅವನನ್ನು ಕೇಳಿದೆ, "ಉಸ್ತಾದ್, ಎಮ್ಮೆಯೂ ಹೆಣ್ಣೇ ತಾನೇ? ಅದು ಒಳಗೆ ಬರುತ್ತದಲ್ಲ."

ಅವನು ಮುರಿದ ಕಿವಿ ತುರಿಸಿಕೊಂಡು ಹೇಳಿದ. "ಎಮ್ಮೆ ಮಾತಾಡೋದಿಲ್ಲ, ಪದಮ್ ಬಾಬು."

ನನ್ನ ಹೆಸರು ಪದ್ಮನಾಭ. ಆ ಊರಿನ ನಾಲಿಗೆಯಲ್ಲಿ ಅಷ್ಟೇ ಉಳಿದದ್ದು.

ಭರ್ಪಾಯಿ ಈ ಭಲೇರಾಮನ ತಮ್ಮನ ಹೆಂಡತಿ. ಆ ಸೀಮೆಯಲ್ಲಿ ಭಾವನ ಮುಂದೆ ಹೆಂಗಸರು ಸೆರಗಿನಿಂದ ಮುಖ ಮುಚ್ಚುತ್ತಾರೆ, ನೇರ ಮಾತಾಡುವುದಿಲ್ಲ. ಹಾಗೆಂದು ಭರ್ಪಾಯಿ ಏನನ್ನೂ ಹೇಳದೆ ಬಿಟ್ಟವಳಲ್ಲ. ಭಾವನಿಗೆ ಹೇಳಬೇಕಾದದ್ದನ್ನೆಲ್ಲ ಅವನಿಗೆ ಕೇಳಿಸುವಂತೆ ಎಮ್ಮೆಗೆ ಹೇಳುತ್ತಿದ್ದಳು. "ಬಾರೇ, ಬಾ. ಅಲ್ಲಿ ನಿಂತು ಏನು ನೋಡ್ತೀ? ನಾಲ್ಕು ಸೇರು ಹಾಲು ಕುಡಿದು ನೆಲಕ್ಕೆ ಬೀಳೋದನ್ನ ನೋಡೋಕೆ ನಿನಗೇನು ಕೆಲಸವಿಲ್ಲವಾ?" ಭಲೇರಾಮ್ ಅದಕ್ಕೆ ಉತ್ತರವನ್ನು ತನ್ನ ಶಿಷ್ಯರಿಗೆ ಕೊಡುತ್ತಿದ್ದ. "ಕಿವಿಗೆ ಮಣ್ಣು ಹಾಕ್ಕೊಳ್ರೋ. ಗಾಳಿ ಜೋರಾಗಿದೆ." ಹೀಗೆ ಆ ಇಬ್ಬರೂ ವರ್ಷಗಟ್ಟಲೆ ಒಂದು ಮಾತನ್ನೂ ಆಡದೆ ಜಗಳವಾಡಿದ್ದರು. ಎಮ್ಮೆಯನ್ನು ಗಡಿ ದಾಟಿಸಿ ತಂದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕೇಂದ್ರ ಸರ್ಕಾರದ ಸಂಬಳ ತೆಗೆದುಕೊಂಡು ನಾನು ಎಮ್ಮೆ ಕಾಯುತ್ತಿದ್ದೆ. ಮನೆಯಲ್ಲಿ ಹೇಳಿರಲಿಲ್ಲ.

ಅಷ್ಟರಲ್ಲಿ ಬಿಳಿ ಷೂ ಹಾಕಿದ ನರೇಶ್ ಬಂದ. ಕಾಲನಿ ಕಟ್ಟುವವರ ಏಜೆಂಟು. ಪಂಚಾಯತಿಯ ಬಯಲು ಜಾಗವನ್ನೆಲ್ಲ ಕೊಳ್ಳಲು ಓಡಾಡುತ್ತಿದ್ದ. ಕಬರಸ್ತಾನ ಎಂದು ಕಾಗದದಲ್ಲಿ ಎಲ್ಲೂ ಇಲ್ಲ, ಇವು ಗೋರಿಗಳೇ ಅಲ್ಲ, ಹಿಂದಿನ ಕಾಲದ ದನದ ಬಾನಿಗಳು ಎಂಬುದು ಅವನ ವಾದ. ಎಮ್ಮೆಗಳು ಸುತ್ತ ನಿಂತಿರುವುದನ್ನು ನೋಡಿದರೆ ವಾದ ತಕ್ಕಮಟ್ಟಿಗೆ ನಂಬುವಂತೆಯೂ ಇತ್ತು. ತಹಸೀಲ್ದಾರರು ಸ್ಥಳ ನೋಡಿ ತೀರ್ಮಾನಿಸುತ್ತಾರೆ ಎಂದಾಯಿತು. ಗೋರಿ ಎಂದು ತೋರಿಸಲು ಓದಬಹುದಾದ ಒಂದು ಶಾಸನ ಬೇಕಿತ್ತು. ಬಯಲಿನ ಗೋರಿಗಳ ಅಕ್ಷರಗಳು ಮಳೆ ಗಾಳಿಗೆ ಸವೆದಿದ್ದವು; ನನ್ನ ಅಚ್ಚನ್ನು ಎಮ್ಮೆ ತಿಂದ ಗೋರಿಯಲ್ಲೂ ಅಲ್ಲೊಂದು ಇಲ್ಲೊಂದು ಅಕ್ಷರವಷ್ಟೇ ಉಳಿದಿತ್ತು. ಸ್ವಲ್ಪ ಓದಲು ಬರಬಹುದಾಗಿದ್ದ ಇನ್ನೊಂದನ್ನೂ ಎಮ್ಮೆಗಳು ತಲೆಮಾರುಗಳಿಂದ ಉಜ್ಜಿ ನುಣ್ಣಗೆ ಮಾಡಿದ್ದವು. ಉಳಿದದ್ದು ಗುಮ್ಮಟದಡಿಯ ಪೀರರು.

ಆ ವರ್ಷ ಇಲಾಖೆಗೆ ಡಿಜಿಟಲ್ ಕ್ಯಾಮೆರಾ ಬಂದಿತ್ತು. ಮಾಥುರ್ ಸಾಹೇಬರಿಗೆ ಅದು ದೇವರು ಕೊಟ್ಟ ವರ. ಜೀಪಿನಿಂದ ಇಳಿಯದೆ ಕಿಟಕಿಯಿಂದಲೇ ಝೂಮ್ ಮಾಡಿ ಪೀರರ ಫೋಟೋ ತೆಗೆದರು. ಆಫೀಸಿನಲ್ಲಿ ದೊಡ್ಡದು ಮಾಡಿ ನೋಡಿದಾಗ ಕಂಡದ್ದು ಚಾದರ, ಅದರ ಮೇಲೆ ಇನ್ನೊಂದು ಚಾದರ, ಪಕ್ಕದಲ್ಲಿ ಹುಕ್ಕಾ. ಈಗಿನ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ಫೋಟೋ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುತ್ತದೆ, ನೀವು ಮನೆಗೆ ಹೋಗುತ್ತೀರಿ. ಪಡಿಯಚ್ಚು ಹಾಗಲ್ಲ. ಕಾಗದ ಒಣಗುವವರೆಗೆ ಅಲ್ಲೇ ಕೂರಬೇಕು. ಕೂತವನ ಹತ್ತಿರ ಊರು ಬಂದು ಮಾತಾಡುತ್ತದೆ. ನನಗೆ ಗೊತ್ತಾದದ್ದೆಲ್ಲ ಕಾಗದ ಒಣಗುವ ಹೊತ್ತಿನಲ್ಲಿ ಗೊತ್ತಾದದ್ದೇ.

ಚಾದರ ಎತ್ತಲು ಭಲೇರಾಮ್ ಸುತರಾಂ ಒಪ್ಪಲಿಲ್ಲ. "ಹಿರಿಯರ ಮೈಮೇಲಿನ ಬಟ್ಟೆ ಎಳೀತೀರಾ?" ಎಂದ. ನರೇಶನ ಜೆಸಿಬಿ ಊರ ಬಾಗಿಲಿಗೆ ಬಂದು ನಿಂತ ಮೇಲೆ ಸುಮ್ಮನಾದ. ಶಿಷ್ಯರನ್ನೆಲ್ಲ ಆಚೆ ಕಳಿಸಿ, ತಾನೇ ಸ್ನಾನ ಮಾಡಿ ಬಂದು, ಎರಡೂ ಕೈಯಲ್ಲಿ ಚಾದರಗಳನ್ನು ಒಂದೊಂದಾಗಿ ಮಡಚಿ, ಎತ್ತಿಕೊಂಡು ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಂತ. ನಾನು ಬೆಚ್ಚಗಿನ ನೀರು, ಮೆತ್ತಗಿನ ಬ್ರಷ್ಷು ಹಿಡಿದು ಕೂತೆ. ಮೇಲೆಲ್ಲ ದೀಪದ ಎಣ್ಣೆ, ಮಸಿ ಸೇರಿ ಗಟ್ಟಿ ಜಿಡ್ಡು. ಅದು ಪದರ ಪದರವಾಗಿ ಬಿಟ್ಟು, ಗೋರಿಯ ನೆತ್ತಿ ಕಂಡಿತು.

ಇಲ್ಲಿ ಕಸುಬಿನ ಒಂದು ಮಾತು ಹೇಳಬೇಕು. ಈ ಕಡೆಯ ಹಳೆಯ ಗೋರಿಗಳಲ್ಲಿ ಗಂಡಸಿನದಾದರೆ ನೆತ್ತಿಯ ಮೇಲೆ ಲೇಖನಿ ಇಡುವ ಪೆಟ್ಟಿಗೆಯ ಹಾಗೆ ಉಬ್ಬಿದ ಒಂದು ಏಣು ಕಡೆಯುವುದು ರೂಢಿ. ಹೆಂಗಸಿನದಾದರೆ ಬರೆಯುವ ಹಲಗೆಯ ಹಾಗೆ ಚಪ್ಪಟೆ. ಪೈಲ್ವಾನ್ ಪೀರರ ನೆತ್ತಿ ಚಪಾತಿ ಮಣೆಯ ಹಾಗೆ ಚಪ್ಪಟೆಯಾಗಿತ್ತು.

ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಬೆರಳಿನಿಂದ ಸವರಿದೆ. ತಲೆಯ ಕಡೆ ಮೂರು ಸಾಲು ಅಕ್ಷರ. ಕಾಗದ ಹಾಕಿ ತಟ್ಟಿ ಶಾಯಿ ಒತ್ತಿದೆ. ನಮ್ಮ ಕನ್ನಡ ಶಾಸನಗಳಲ್ಲಿ ಅಕ್ಷರ ಕೊರೆದಿರುತ್ತಾರೆ, ಅಚ್ಚಿನಲ್ಲಿ ಬೆಳ್ಳಗೆ ಬರುತ್ತದೆ. ಇವರದು ಉಬ್ಬು ಅಕ್ಷರ, ಕಪ್ಪಗೆ ಮೂಡುತ್ತದೆ. ಮೊದಲ ಸಾಲಿನಲ್ಲಿ ಪ್ರಾರ್ಥನೆ. ಎರಡನೆಯದರಲ್ಲಿ ಹೆಸರು. ಬೀಬಿ ಖುರ್ಷೀದ್. ಮೂರನೆಯದರಲ್ಲಿ ತಂದೆಯ ಹೆಸರು, ಆಕೆ ಶುಕ್ರವಾರ ದೇವರ ಕರುಣೆಯನ್ನು ಸೇರಿದಳು ಎಂಬ ಮಾತು. ಹೊರಗೆ ಭಲೇರಾಮ್ ಬೆನ್ನು ತಿರುಗಿಸಿ, ಚಾದರ ಎದೆಗೊತ್ತಿಕೊಂಡು ನಿಂತೇ ಇದ್ದ. ನನಗೆ ನಗು ಬಂತು. ಅದರ ಹಿಂದೆಯೇ ಭಯವೂ ಬಂತು.

ಜೀಪಿಗೆ ಹೋಗಿ ಸಾಹೇಬರಿಗೆ ಅಚ್ಚು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಬಹುಶಃ ಹೆಂಗಸು" ಎಂದರು.

"ಬೀಬಿ ಅಂತ ಬರೆದಿದೆ ಸರ್."

"ಅಚ್ಛಾ, ಹಾಗಾದರೆ ಬಹುಶಃ ಖಂಡಿತ." ಆಮೇಲೆ ದನಿ ತಗ್ಗಿಸಿದರು. "ನೋಡು, ಈ ಜಾಗ ಕಾಯುತ್ತಿರುವವರು ಆ ಪೈಲ್ವಾನರು. ಪೀರ್ ಹೆಂಗಸು ಎಂದು ಗೊತ್ತಾದರೆ ಅವಮಾನವಾಗಿ ಎದ್ದು ಹೋಗುತ್ತಾರೆ. ಮಾರನೆಯ ದಿನ ಜೆಸಿಬಿ ಒಳಗೆ. ನೀನು ಪ್ರಾರ್ಥನೆಯ ಸಾಲು ಓದು, ಶುಕ್ರವಾರ ಓದು. ಹೆಸರಿನ ಸಾಲು ಬಹುಶಃ ಸವೆದಿದೆ."

ತಪ್ಪು ಸಲಹೆ ಎನ್ನುವಂತಿರಲಿಲ್ಲ. ಅಲ್ಲಿ ಫಾರ್ಸಿ ಓದಬಲ್ಲವರು ನಾವಿಬ್ಬರೇ. ಭಲೇರಾಮನಿಗೆ ಮೊದಲು ಗುಟ್ಟಾಗಿ ಹೇಳಿಬಿಡೋಣ ಎಂದು ಅಖಾಡಕ್ಕೆ ಹೋದೆ. ಅವನು ಒಬ್ಬ ಶಿಷ್ಯನ ಬೆನ್ನಿನ ಮೇಲೆ ಕೂತು ಎಣ್ಣೆ ತಿಕ್ಕುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದ. "ಪದಮ್ ಬಾಬು, ಪೀರ್ ಬಾಬಾ ನಿನ್ನೆ ಕನಸಿನಲ್ಲಿ ಬಂದಿದ್ದರು. ಮೀಸೆ ಇಷ್ಟುದ್ದ." ಎಣ್ಣೆಗೈಯನ್ನು ಗಾಳಿಯಲ್ಲಿ ಅಗಲಿಸಿ ತೋರಿಸಿದ. ಆ ಮೀಸೆ ನೋಡಿದ ಮೇಲೆ ನನಗೆ ನಾಲಿಗೆ ಏಳಲಿಲ್ಲ. ಹೌದೇ, ಒಳ್ಳೆಯದಾಯಿತು ಎಂದು ಹೇಳಿ ವಾಪಸು ಬಂದೆ.

ಮನೆಯಲ್ಲಿ ಊಟ ಸೇರಲಿಲ್ಲ. ಸುಮತಿ, ನನ್ನ ಹೆಂಡತಿ, ಏನಾಯಿತೆಂದು ಕೇಳಿದಳು. ಎಮ್ಮೆ ಕಾದದ್ದೊಂದನ್ನು ಬಿಟ್ಟು ಎಲ್ಲ ಹೇಳಿದೆ. ಅವಳು ಸಾರು ಬಡಿಸುತ್ತ ಕೇಳಿದಳು, "ನಿಮಗೆ ಸಂಬಳ ಕೊಡೋದು ಓದೋಕೋ, ಬಿಡೋಕೋ?"

"ಓದಿದರೆ ಜಾಗ ಹೋಗಬಹುದು."

"ಹೆಸರು ಬಿಟ್ಟರೆ ಆ ಹೆಂಗಸು ಹೋಗ್ತಾಳಲ್ಲ."

ದಿಲ್ಲಿಯಲ್ಲೇ ಬೆಳೆದ ಮಗಳು ತಟ್ಟೆಯಿಂದ ತಲೆ ಎತ್ತದೆ ಹೇಳಿದಳು, "ಅಪ್ಪಾ, ಸಚ್ ಬೋಲ್ ದೋ ನಾ. ನಿಜ ಹೇಳಿದ್ರೆ ಜ್ಯಾದಾ ಸೇ ಜ್ಯಾದಾ ಏನು, ಪೈಲ್ವಾನ್ ಹೊಡೀತಾನೆ ಅಷ್ಟೇ."

ತಹಸೀಲ್ದಾರರು ಬಂದ ದಿನ ಊರೆಲ್ಲ ಸೇರಿತ್ತು. ಗಂಡಸರು ಗುಮ್ಮಟದ ಸುತ್ತ, ಹೆಂಗಸರು ಬೇವಿನ ಮರದಾಚೆ, ಪೈಲ್ವಾನ ಹುಡುಗರು ಬೆಳಗಿನ ಕಸರತ್ತು ಮುಗಿಸಿ ಮಣ್ಣುಮೈಯಲ್ಲಿ, ಲಂಗೋಟಿಯಲ್ಲೇ ಸಾಲಾಗಿ. ತಹಸೀಲ್ದಾರರು ನೋಡಲೆಂದು ಭಲೇರಾಮ್ ಚಾದರಗಳನ್ನು ಮತ್ತೆ ತೆಗೆದು ಮಡಚಿಟ್ಟಿದ್ದ. ನರೇಶನ ಬಿಳಿ ಷೂಗೆ ಸಗಣಿ ತಾಗಿತ್ತು. ಮಾಥುರ್ ಸಾಹೇಬರು ಅಂದು ಜೀಪಿನಿಂದ ಇಳಿದು, ಹೆಜ್ಜೆ ಹೆಜ್ಜೆಗೂ ನೆಲ ನೋಡುತ್ತ ಬಂದು ನನ್ನ ಪಕ್ಕ ನಿಂತರು. ನಾನು ಪಡಿಯಚ್ಚು ಬಿಡಿಸಿ ಮೊದಲ ಸಾಲು ಓದಿ ಅರ್ಥ ಹೇಳಿದೆ. ಜನ ತಲೆಯ ಮೇಲೆ ಬಟ್ಟೆ ಹಾಕಿಕೊಂಡರು. ಶುಕ್ರವಾರದ ಮಾತನ್ನೂ ಓದಿದೆ. ತಹಸೀಲ್ದಾರರು ತಲೆದೂಗಿ, "ಸರಿ, ಗೋರಿಯೇ. ಸಾಕು" ಎಂದರು. ಸಾಹೇಬರು ಕಾಗದ ಮಡಚು ಎಂಬಂತೆ ನನ್ನ ಮೊಣಕೈ ತಿವಿದರು.

ಆಗ ಭಲೇರಾಮ್ ಎದೆಯುಬ್ಬಿಸಿ ಮುಂದೆ ಬಂದ. "ಹೆಸರು ಓದಿ ಬಾಬು. ಎಲ್ಲರೂ ಕೇಳಲಿ, ನಮ್ಮ ಬಾಬಾನ ಹೆಸರು."

ನಾನು ಸುಮತಿಯ ಮಾತು ನೆನೆದುಕೊಂಡೆ. ಅವನ ತೋಳುಗಳನ್ನೂ ಒಮ್ಮೆ ನೋಡಿದೆ. ಓದಿದೆ. "ಬೀಬಿ ಖುರ್ಷೀದ್. ಉಸ್ತಾದ್, ಇವರು ಹೆಂಗಸು."

ಭಲೇರಾಮನ ಎದೆ ನಿಧಾನವಾಗಿ ಇಳಿಯಿತು. ನರೇಶ್ ನಕ್ಕುಬಿಟ್ಟ. ಹೊಟ್ಟೆ ಹಿಡಿದುಕೊಂಡು ನಕ್ಕ. "ವಾಹ್ ಪೈಲ್ವಾನ್‌ಜೀ. ಇಷ್ಟು ವರ್ಷ ಲಂಗೋಟಿ ಕಟ್ಟಿಕೊಂಡು ಒಬ್ಬ ಹೆಂಗಸಿನ ಮುಂದೆ ಬಸ್ಕಿ ಹೊಡೆದಿರಾ? ಚಲೋ, ಇನ್ನು ಈ ತಮಾಷೆ ಮುಗೀತು. ಜಾಗ ಖಾಲಿ ಮಾಡಿ, ಮರ್ಯಾದೆಯಾದರೂ ಉಳಿಯುತ್ತೆ."

ಹುಡುಗರು ತಲೆ ತಗ್ಗಿಸಿದರು. ಇಬ್ಬರು ಆಗಲೇ ಹಿಂದೆ ಸರಿಯತೊಡಗಿದ್ದರು. ಸಾಹೇಬರು ಕಣ್ಣು ಮುಚ್ಚಿಕೊಂಡರು.

ಬೇವಿನ ಮರದ ಕಡೆಯಿಂದ ಕಾಲ್ಗೆಜ್ಜೆಯ ಸದ್ದು ಕೇಳಿತು. ಭರ್ಪಾಯಿ ಗಡಿ ದಾಟಿ ಬರುತ್ತಿದ್ದಳು. ಸೆರಗು ಎದೆಯವರೆಗೂ ಇಳಿದಿತ್ತು, ಮುಖ ಕಾಣುತ್ತಿರಲಿಲ್ಲ. ಹೆಜ್ಜೆಯಲ್ಲಿ ಆತುರವಿರಲಿಲ್ಲ. ಗಂಡಸರು ದಾರಿ ಬಿಟ್ಟರು, ಬಿಡಬೇಕೆಂದಲ್ಲ, ಏನು ಮಾಡಬೇಕೆಂದು ತೋಚದೆ. ಅವಳು ಗೋರಿಯ ಬಳಿ ನೆಲದಲ್ಲಿ ಕೂತು ಚಪ್ಪಟೆ ಕಲ್ಲಿನ ಮೇಲೆ ಅಂಗೈ ಇಟ್ಟಳು. ಭಾವ ಎದುರಿಗಿದ್ದಾನೆ, ಪರಗಂಡಸರಿದ್ದಾರೆ. ಮಾತಾಡಿದ್ದು ಗೋರಿಯ ಜೊತೆ.

"ದಾದೀ" ಎಂದಳು, ಅಜ್ಜಿಯನ್ನು ಕರೆಯುವ ಹಾಗೆ. "ಇಷ್ಟು ವರ್ಷ ಈ ಹುಡುಗರು ಬೀಳದ ಹಾಗೆ ನೋಡಿಕೊಂಡಿದ್ದು ನೀನು. ನಿನ್ನ ಹೆಸರು ಕೂಡ ಯಾರೂ ಕೇಳಲಿಲ್ಲ. ಹುಕ್ಕಾ ಹೊಗೆ ಕುಡಿದುಕೊಂಡು ಸುಮ್ಮನೆ ಮಲಗಿದ್ದೆ. ಈಗ ಯಾರೋ ಷೂ ಹಾಕ್ಕೊಂಡು ಬಂದು, ಹೆಂಗಸು ತಾನೇ, ಮೇಲೆ ಮಷೀನು ಹಾಯಿಸ್ತೀನಿ ಅಂತಾನೆ. ಈ ಊರಿನಲ್ಲಿ ಗಂಡಸರು ಇದ್ದಾರಾ ಇಲ್ಲವಾ, ನೀನೇ ನೋಡಿ ಹೇಳು."

ಅವಳ ಹಿಂದೆ ಒಬ್ಬೊಬ್ಬರಾಗಿ ಹೆಂಗಸರು ಮರ ದಾಟಿ ಬರತೊಡಗಿದರು. ಮುದುಕಿಯರು, ಸೊಸೆಯರು, ಕಂಕುಳಲ್ಲಿ ಮಗು ಹೊತ್ತವರು. ಬಂದವರು ಗೋರಿಯ ಸುತ್ತ ಕೂತರು. ಯಾರ ತೋಳಿನ ಬಲವೂ ಇಳಿದಂತೆ ಕಾಣಲಿಲ್ಲ.

ಭಲೇರಾಮ್ ಅಷ್ಟು ಹೊತ್ತೂ ನೆಲ ನೋಡುತ್ತಿದ್ದ. ಆಮೇಲೆ ಶಿಷ್ಯರ ಕಡೆ ತಿರುಗಿ, ಅದೇ ಮೃದುವಾದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ.

"ನಾಚಿಕೆ ಇಲ್ಲವೇನ್ರೋ? ಕುರ್ತಾ ಹಾಕ್ಕೊಳ್ಳಿ. ದಾದೀ ಇದ್ದಾರೆ."

ಆ ಕ್ಷಣದ ಗಡಿಬಿಡಿಯನ್ನು ಯಾವ ಕ್ಯಾಮೆರಾವೂ ಹಿಡಿಯಲಿಲ್ಲ ಎಂಬುದು ನನ್ನ ದೊಡ್ಡ ಕೊರಗು. ಗೂಳಿಗಳಂಥ ಹುಡುಗರು ಒಬ್ಬರ ಕುರ್ತಾಕ್ಕೆ ಇನ್ನೊಬ್ಬರು ಕೈ ಹಾಕಿ, ಒಂದೇ ತೋಳಿನೊಳಗೆ ಇಬ್ಬರು ನುಗ್ಗಿ, ಜಾಲಿ ಪೊದೆಯ ಹಿಂದೆ ಅಡಗಿ, ಅಂತೂ ಮೈ ಮುಚ್ಚಿಕೊಂಡು ಬಂದು ಹೆಂಗಸರ ಹಿಂದೆ ಗೋಡೆಯ ಹಾಗೆ ನಿಂತರು. ಭಲೇರಾಮ್ ಹುಕ್ಕಾವನ್ನು ತಾನೇ ಎತ್ತಿ ಆಚೆ ಇಟ್ಟ. ಮಡಚಿಟ್ಟಿದ್ದ ಚಾದರವನ್ನು ತಂದು, ಹೊದಿಸಲು ಹೋಗಿ, ಒಂದು ಕ್ಷಣ ತಡೆದು, ನೆಲದ ಮೇಲೆ ಭರ್ಪಾಯಿಯ ಕೈಗೆ ಸಿಗುವಷ್ಟು ದೂರದಲ್ಲಿ ಇಟ್ಟು ಹಿಂದೆ ಸರಿದ. ಅವಳು ಹೊದಿಸಿದಳು. ನರೇಶ್ ತಹಸೀಲ್ದಾರರ ಮುಖ ನೋಡಿದ. ತಹಸೀಲ್ದಾರರು ಕೈಗಡಿಯಾರ ನೋಡಿದರು. ಜೆಸಿಬಿಯ ಡ್ರೈವರು ಯಾರೂ ಹೇಳದೆಯೇ ಗಾಡಿ ಹಿಂದಕ್ಕೆ ತೆಗೆದ.

ಪಂಚಾಯತಿ ಆ ಜಾಗ ಬಿಟ್ಟುಕೊಡಲಿಲ್ಲ. ಇಲಾಖೆಯ ವರದಿಯಲ್ಲಿ ಮಾಥುರ್ ಸಾಹೇಬರು ಬರೆದ ವಾಕ್ಯವನ್ನು ನಾನು ಎರಡು ಸಲ ಓದಿದೆ: 'ಇದು ಬೀಬಿ ಖುರ್ಷೀದ್ ಅವರ ಗೋರಿ.' ಅಷ್ಟೇ. ಏನೋ ಬಿಟ್ಟುಹೋಗಿದೆ ಸರ್ ಎಂದೆ. ಗೊತ್ತು, ಟೈಪ್ ಮಾಡು ಎಂದರು.

ಗುರುವಾರ ಹೆಂಗಸರದಾಯಿತು. ಬಳೆ, ಮೆಹಂದಿ ಬರತೊಡಗಿದವು. ಅಖಾಡವನ್ನು ಹುಡುಗರು ತಾವೇ ಬೇವಿನ ಮರದ ಆಚೆಗೆ, ಊರ ಕಡೆಗೆ ಸರಿಸಿಕೊಂಡರು. ಭಾವ ನಾದಿನಿ ಮಾತ್ರ ನೇರ ಮಾತಾಡುವ ಮಟ್ಟಕ್ಕೆ ಬರಲಿಲ್ಲ. ಆದರೆ ನಾನು ಮತ್ತೊಮ್ಮೆ ಹೋದಾಗ ಭರ್ಪಾಯಿ ಒಂದು ಚೊಂಬು ಮಜ್ಜಿಗೆ ತಂದು ನನ್ನೆದುರು ಇಟ್ಟು, "ಬಾಬು, ನೀನು ಕುಡಿದು ಮಿಕ್ಕಿದ್ದನ್ನ ಯಾರಿಗಾದರೂ ಕೊಡು" ಎಂದಳು. ಚೊಂಬು ಐದು ಜನಕ್ಕೆ ಸಾಕಾಗುವಷ್ಟಿತ್ತು. ಸುತ್ತ ಭಲೇರಾಮನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಒಂದು ಚಳಿಗಾಲ ಕಳೆದ ಮೇಲೆ ಭಲೇರಾಮ್ ದಿಲ್ಲಿಗೆ ಬಂದವನು ನನ್ನ ಆಫೀಸು ಹುಡುಕಿಕೊಂಡು ಬಂದ. ಡಬ್ಬಿ ತುಂಬ ಚೂರ್ಮಾ, ಆ ಕಡೆಯ ತುಪ್ಪ ಬೆಲ್ಲ ಕಲಸಿದ ರೊಟ್ಟಿಪುಡಿಯ ಸಿಹಿ, ತಂದಿದ್ದ. ನಮ್ಮ ಸಣ್ಣ ಕುರ್ಚಿಯಲ್ಲಿ ಮೈ ಹಿಡಿಸಲು ಒದ್ದಾಡುತ್ತ ಕೂತು ಕುಸ್ತಿಯ ಸುದ್ದಿ ಹೇಳಿದ. ಆ ಸೀಮೆಯ ಪಂದ್ಯಗಳಲ್ಲಿ ಕಣಕ್ಕಿಳಿಯುವ ಮೊದಲು ಒಂದೊಂದು ಅಖಾಡದವರೂ ತಮ್ಮ ತಮ್ಮ ದೇವರ ಹೆಸರನ್ನೋ ಗುರುವಿನ ಹೆಸರನ್ನೋ ಹಿಡಿದು ಜೈಕಾರ ಹಾಕುತ್ತಾರಂತೆ.

"ನಿಮ್ಮವರು ಏನು ಅಂತಾರೆ ಉಸ್ತಾದ್?" ಎಂದೆ.

"ದಾದೀ ಖುರ್ಷೀದ್ ಕೀ ಜೈ."

"ಜನ ನಗೋದಿಲ್ಲವಾ?"

"ನಗ್ತಾರೆ" ಎಂದ ಭಲೇರಾಮ್ ಶಾಂತವಾಗಿ, ಚೂರ್ಮಾದ ಡಬ್ಬಿಯನ್ನು ನನ್ನ ಕಡೆ ಸರಿಸುತ್ತ. "ನಕ್ಕವನು ಯಾರು ಅಂತ ನೋಡಿಟ್ಟುಕೊಂಡು, ಮೊದಲ ಕುಸ್ತಿ ಅವನ ಜೊತೆಗೇ ಕೇಳಿ ತಗೋತೀವಿ."